ಎರೆ ನೆಲದಲ್ಲಿ ಮನೆ ಮುಂದಿನ ಐದಡಿ ಜಾಗ: ಹೂತೋಟ ಮಾಡುವ ಕ್ರಮ

"ಮನಿ ಮುಂದ ನಾಲ್ಕೈದು ಅಡಿ ಜಾಗ ಬಿಟ್ಟೀವಿ, ಏನು ಹಚ್ಚಬೇಕು?" ಬಳ್ಳಾರಿ, ರಾಯಚೂರು, ಕೊಪ್ಪಳದ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಬೆಂಗಳೂರಿನ ಹವೆಗೆ ಹೇಳಿದ ಸಲಹೆ ನೋಡಿ ಲಾನ್ ಹಾಸಿ, ಇಕ್ಸೋರಾ ಸಾಲು ಹಚ್ಚಿ, ಮೇ ತಿಂಗಳಲ್ಲಿ ಒಣಕಲು ಕಡ್ಡಿ ಕಿತ್ತು ಹಾಕುವವರೇ ಹೆಚ್ಚು. ನಮ್ಮ ಕಡೆ ಗಿಡದ ಆಯ್ಕೆ ಕೊನೆಗೆ ಬರಬೇಕು. ಮೊದಲು ಮಣ್ಣು ಯಾವುದು, ನೀರು ಎಂಥದು, ಬಿಸಿಲು ಯಾವ ಕಡೆಯಿಂದ ಎಂದು ನೋಡಿ. ಇಷ್ಟು ಗೊತ್ತಾದರೆ ಹಚ್ಚಬಹುದಾದ ಗಿಡಗಳು ತಾವಾಗಿಯೇ ಹತ್ತು ಹದಿನೈದಕ್ಕೆ ಇಳಿಯುತ್ತವೆ.

ಲೆಕ್ಕಕ್ಕೆ ಒಂದು ಅಳತೆ ಇಟ್ಟುಕೊಳ್ಳೋಣ. 30×40ರ ಸೈಟು, ಗೇಟು, ಗಾಡಿ ನಿಲ್ಲುವ ಜಾಗ ಕಳೆದು ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ 20 ಅಡಿ ಉದ್ದ, 5 ಅಡಿ ಅಗಲದ ಪಟ್ಟಿ ಉಳಿದಿದೆ. ನಿಮ್ಮ ಜಾಗ ಹೆಚ್ಚುಕಡಿಮೆ ಇದ್ದರೆ ಪ್ರಮಾಣವನ್ನು ಅದೇ ದಾಮಾಷಾದಲ್ಲಿ ಬದಲಿಸಿಕೊಳ್ಳಿ.

ಬೇಕಾಗುವ ಸಾಮಾನು

ಎರೆ (ಕಪ್ಪು ಮಣ್ಣಿನ) ನೆಲವಾದರೆ ಮಸಾರಿ (ಕೆಂಪು) ಮಣ್ಣು 25 ಘನ ಅಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 15 ಘನ ಅಡಿ, ದಪ್ಪ ಉಸುಕು 5 ಘನ ಅಡಿ. ಒಟ್ಟು 45, ಅಂದರೆ ಅರ್ಧ ಬ್ರಾಸಿಗಿಂತ ಸ್ವಲ್ಪ ಕಡಿಮೆ (100 ಘನ ಅಡಿಗೆ ಒಂದು ಬ್ರಾಸ್). ಬೇವಿನ ಹಿಂಡಿ 5 ಕಿಲೋ. ಏರಿಯ (ಎತ್ತರಿಸಿದ ಪಾತಿಯ) ಅಂಚಿಗೆ ಇಟ್ಟಿಗೆ ಅಥವಾ ಸೈಜುಗಲ್ಲು. 16 ಮಿ.ಮೀ. ಡ್ರಿಪ್ ಪೈಪು 25 ಅಡಿ, ಗಂಟೆಗೆ 4 ಲೀಟರಿನ ಡ್ರಿಪ್ಪರ್ 20, ಒಂದು ಜಾಲರಿ ಫಿಲ್ಟರ್. ಹೊದಿಕೆಗೆ ಶೇಂಗಾ ಹೊಟ್ಟು ಅಥವಾ ಭತ್ತದ ಹೊಟ್ಟು ನಾಲ್ಕು ಚೀಲ. ಹಾರೆ, ಸನಿಕೆ, ಪುಟ್ಟಿ ಮನೆಯಲ್ಲೇ ಇರುತ್ತವೆ.

1. ಮಣ್ಣು ಗುರುತಿಸಿ

ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟು, ಮಳೆ ಬಿದ್ದರೆ ಚಪ್ಪಲಿಗೆ ಹತ್ತುವ ಕಪ್ಪು ಮಣ್ಣು ಎರೆ. ಕೆಂಪಗಿದ್ದು ನೀರು ಬೇಗ ಇಂಗಿಸುವುದು ಮಸಾರಿ. ಆದರೆ ಮನೆ ಕಟ್ಟಿದ ಮೇಲೆ ಮುಂದಿರುವುದು ಎರಡೂ ಅಲ್ಲದಿರಬಹುದು: ಬುನಾದಿಯಿಂದ ತೆಗೆದ ಮಣ್ಣು, ಭರ್ತಿಗೆ ಹಾಕಿಸಿದ ಗರಸು, ಸಿಮೆಂಟ್ ಗಾರೆ, ಟೈಲ್ಸ್ ಚೂರು ಎಲ್ಲ ಕಲೆತಿರುತ್ತವೆ. ಆದ್ದರಿಂದ ಒಂದೂವರೆ ಅಡಿ ಆಳದ ಗುಂಡಿ ತೋಡಿ ಒಳಗಿನದನ್ನು ನೋಡಿ. ಗಾರೆ ಚೂರು ಕಂಡರೆ ಅಷ್ಟನ್ನೂ ತೆಗೆಸಬೇಕು. ಸಿಮೆಂಟಿನ ಸುಣ್ಣ ವರ್ಷಗಟ್ಟಲೆ ಗಿಡದ ಎಲೆಯನ್ನು ಹಳದಿ ಮಾಡುತ್ತಲೇ ಇರುತ್ತದೆ.

ಎರಡು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಮೊದಲನೆಯದು ಬಸಿಯುವಿಕೆ. ಒಂದು ಅಡಿ ಆಳದ ಗುಂಡಿಗೆ ನೀರು ತುಂಬಿ, ಪೂರ್ತಿ ಇಂಗಿದ ಮೇಲೆ ಮತ್ತೊಮ್ಮೆ ತುಂಬಿ ಕೋಲಿನಿಂದ ಅಳೆಯಿರಿ. ಎರಡನೇ ಸಲ ಗಂಟೆಗೆ ಒಂದು ಇಂಚೂ ಇಳಿಯದಿದ್ದರೆ ಆ ನೆಲ ಬೇರನ್ನು ಕೊಳೆಸುತ್ತದೆ. ಎರಡನೆಯದು ಸುಣ್ಣ. ಒಣ ಹೆಂಟೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸ್ ಎಂದು ನೊರೆ ಬಂದರೆ ಮಣ್ಣಿನಲ್ಲಿ ಸುಣ್ಣ ಹೇರಳವಾಗಿದೆ. ಸುಣ್ಣಕ್ಕೆ ಆಗದ ಇಕ್ಸೋರಾ, ಗಾರ್ಡೇನಿಯಾ ಆಸೆ ಅಲ್ಲಿಗೆ ಬಿಡಿ.

ಮಣ್ಣಿನ ಮೇಲೆ ಬಿಳಿ ಪುಡಿ ಏಳುತ್ತಿದ್ದರೆ ಅದು ಸವಳು. ಕಾಲುವೆ ನೀರು ಹರಿಯುವ ಸಿಂಧನೂರು, ಗಂಗಾವತಿ, ಸಿರುಗುಪ್ಪ ಸುತ್ತ ಇದು ಸಾಮಾನ್ಯ. ರಾಯಚೂರು, ಗಂಗಾವತಿ ಅಥವಾ ಬಳ್ಳಾರಿ ಹತ್ತಿರದ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಬಗ್ಗೆ ವಿಚಾರಿಸಿ. ವರದಿಯಲ್ಲಿ ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆ; 7 ನಡುಮಟ್ಟ) 8.5 ದಾಟಿದ್ದರೆ ಎಷ್ಟು ಜಿಪ್ಸಂ ಹಾಕಬೇಕೆಂದು ಅವರನ್ನೇ ಕೇಳಿ. ಪರೀಕ್ಷೆ ಇಲ್ಲದೆ ಅಂದಾಜಿಗೆ ಜಿಪ್ಸಂ ಸುರಿಯುವುದರಿಂದ ಉಪಯೋಗವಿಲ್ಲ.

2. ನೀರು, ಬಿಸಿಲು ನೋಡಿ

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಯಾರಲ್ಲಾದರೂ ಸಿಗುತ್ತದೆ. ನೀರು ಶುದ್ಧೀಕರಣದ ಯಂತ್ರ ರಿಪೇರಿಗೆ ಬರುವವರ ಕಿಸೆಯಲ್ಲಂತೂ ಇದ್ದೇ ಇರುತ್ತದೆ. ಬೋರ್ ನೀರು 500ರ ಒಳಗಿದ್ದರೆ ಏನು ಬೇಕಾದರೂ ಹಚ್ಚಿ. 1000ದವರೆಗೆ ಗುಲಾಬಿ, ಮಲ್ಲಿಗೆ ತಡೆದುಕೊಳ್ಳುತ್ತವೆ. 1000 ದಾಟಿದರೆ ಕಣಗಿಲೆ, ಬೋಗನ್‌ವಿಲ್ಲಾ, ಲೋಳೆಸರದಂಥ ಗಟ್ಟಿಗಳೇ ಗತಿ. 2000 ದಾಟಿದ ನೀರನ್ನು ನಳದ ನೀರಿನೊಂದಿಗೆ ಬೆರೆಸದೆ ಹಾಕಬೇಡಿ.

ಆರ್‌ಒ (ನೀರು ಶುದ್ಧೀಕರಣದ) ಯಂತ್ರ ಹೊರಗೆ ಬಿಡುವ ನೀರನ್ನು ಗಿಡಕ್ಕೆ ಬಿಟ್ಟು "ನೀರು ಉಳಿಸಿದೆವು" ಅನ್ನುವವರಿದ್ದಾರೆ. ಮೂಲ ನೀರಿಗಿಂತ ಒಂದೂವರೆ ಎರಡು ಪಟ್ಟು ಉಪ್ಪು ಅದರಲ್ಲಿರುತ್ತದೆ. ಎಲೆಯ ತುದಿ ಕಂದಾಗಿ ಸುಟ್ಟಂತಾದರೆ ಮೊದಲು ಇದನ್ನೇ ಅನುಮಾನಿಸಿ. ಬಟ್ಟೆ ಯಂತ್ರದ ಸೋಪಿನ ನೀರೂ ಬೇಡ, ಎರೆ ಮಣ್ಣಿಗೆ ಸೋಡಾ ಸೇರಿದರೆ ಅದು ಇನ್ನಷ್ಟು ಬಿಗಿಯುತ್ತದೆ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಧಾರಾಳವಾಗಿ ಹಾಕಿ.

ಬಿಸಿಲಿನಲ್ಲಿ ಪಶ್ಚಿಮ ಮುಖದ ಮನೆಯದು ಕಠಿಣ ಲೆಕ್ಕ. ಮಧ್ಯಾಹ್ನದಿಂದ ಸಂಜೆವರೆಗೆ ಗೋಡೆ ಕಾದು ರಾತ್ರಿಯೂ ಶಾಖ ಬಿಡುತ್ತದೆ. ಪೂರ್ವ ಮುಖ ಎಲ್ಲಕ್ಕಿಂತ ಸುಲಭ. ಉತ್ತರ ಮುಖದವರು ಒಂದು ಮಾತು ನೆನಪಿಡಿ: ನಮ್ಮ ಅಕ್ಷಾಂಶದಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಚಳಿಗಾಲದಲ್ಲಿ ನೆರಳಿದ್ದ ಜಾಗಕ್ಕೆ ಮೇ ತಿಂಗಳಲ್ಲಿ ನೇರ ಬಿಸಿಲು ಬೀಳುತ್ತದೆ. "ಇಲ್ಲಿ ನೆರಳಿದೆ" ಎಂದು ಡಿಸೆಂಬರಿನಲ್ಲಿ ಹಚ್ಚಿದ ಫರ್ನ್ ಸುಟ್ಟುಹೋಗುವುದು ಹೀಗೆ.

3. ನೆಲದ ಮೇಲೆ ನಕಾಶೆ ಬರೆಯಿರಿ

ಕಾಗದ ಬೇಡ, ರಂಗೋಲಿ ಪುಡಿ ಸಾಕು. ಮೊದಲು ಬಿಡಬೇಕಾದ ಜಾಗಗಳನ್ನು ಗೆರೆ ಎಳೆಯಿರಿ: ಸಂಪಿನ ಮುಚ್ಚಳ, ಚೇಂಬರು, ನೀರಿನ ಮೀಟರು, ಗೇಟು ಒಳಗೆ ತೆರೆಯುವ ಸುತ್ತು, ಹೊಸ್ತಿಲ ಮುಂದೆ ರಂಗೋಲಿಗೆ ನಾಲ್ಕಡಿ ಚೌಕ. ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅದರ ಕೆಳಗೆ ಎತ್ತರ ಬೆಳೆಯುವ ಯಾವುದೂ ಬೇಡ.

ಈಗ ಬಹಳ ಮುಖ್ಯವಾದದ್ದು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮನೆ ಗೋಡೆಗೆ ಅಂಟಿಸಿ ಪಾತಿ ಮಾಡಿ ದಿನವೂ ನೀರು ಬಿಟ್ಟರೆ ಬುನಾದಿಯ ಒಂದು ಮಗ್ಗುಲು ಮಾತ್ರ ತೇವವಾಗಿ, ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮನೆ ಗೋಡೆಯ ಪಕ್ಕ ಎರಡಡಿ ಪರಸಿ ಅಥವಾ ಕಾಂಕ್ರೀಟ್ ಹಾಸಿ, ಹೊರಕ್ಕೆ ಒಂದು ಇಂಚು ಇಳಿಜಾರು ಕೊಡಿ. ಕಾಂಪೌಂಡಿನ ಬುನಾದಿ ಇನ್ನೂ ಮೇಲುಮೇಲಿರುತ್ತದೆ, ಅದಕ್ಕೂ ಮಣ್ಣು ಒರಗಿಸಬೇಡಿ. ಅರ್ಧ ಅಡಿ ಸಂದು ಬಿಡಿ. ಐದಡಿಯಲ್ಲಿ ಗಿಡಕ್ಕೆ ಉಳಿದದ್ದು ಎರಡೂವರೆ ಅಡಿ. ಕಡಿಮೆ ಅನ್ನಿಸಬಹುದು, ಆದರೆ 20 ಅಡಿ ಉದ್ದಕ್ಕೆ ಅದು 50 ಚದರ ಅಡಿ, ಸಾಕಷ್ಟಾಯಿತು.

ಲಾನ್ ಯಾಕೆ ಬೇಡ ಅನ್ನುವುದಕ್ಕೆ ಲೆಕ್ಕ: ಬೇಸಿಗೆಯಲ್ಲಿ ದಿನಕ್ಕೆ 6 ಮಿ.ಮೀ. ನೀರು ಆವಿಯಾದರೂ 100 ಚದರ ಅಡಿ ಹುಲ್ಲಿಗೆ ದಿನವೂ 55 ಲೀಟರ್ ಬೇಕು. ನಳಕ್ಕೆ ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಅದು ಸಲ್ಲದ ಶೋಕಿ. ಹಸಿರು ಹಾಸಲೇಬೇಕೆಂದರೆ ಪೂಜೆಗೂ ಆಗುವಂತೆ ಒಂದು ಮೂಲೆಯಲ್ಲಿ ಗರಿಕೆ ಬಿಡಿ.

4. ನೆಲ ಹದ ಮಾಡಿ (ಏಪ್ರಿಲ್, ಮೇ)

ಎರೆಯಲ್ಲಿ ಏರಿಸಬೇಕು, ಮಸಾರಿಯಲ್ಲಿ ಇಳಿಸಬೇಕು. ಇದು ತಿರುವುಮುರುವಾದರೆ ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ.

ಎರೆ ನೆಲದಲ್ಲಿ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬಿ ಗಿಡ ಹಚ್ಚುವುದು ಎಲ್ಲರೂ ಮಾಡುವ ಕೆಲಸ. ಮಳೆಗಾಲದಲ್ಲಿ ಆ ಗುಂಡಿ ಬಾನಿಯಂತೆ ನೀರು ಹಿಡಿದು ನಿಲ್ಲುತ್ತದೆ, ಸುತ್ತಲಿನ ಎರೆ ಬಸಿಯಗೊಡುವುದಿಲ್ಲ. ಗುಲಾಬಿ ಸಾಯುವುದು ಬೇಸಿಗೆಯಲ್ಲಿ ಅಂದುಕೊಳ್ಳುತ್ತೇವೆ, ಬೇರು ಕೊಳೆತಿರುವುದು ಸೆಪ್ಟೆಂಬರಿನಲ್ಲೇ. ಅದಕ್ಕೆ ಪಟ್ಟಿಯುದ್ದಕ್ಕೂ 9 ಇಂಚು ಎತ್ತರದ ಏರಿ ಮಾಡಿ. ಮೊದಲು ಕೆಳಗಿನ ಎರೆಯನ್ನು 9 ಇಂಚು ಅಗೆದು ಬೇಸಿಗೆ ಬಿಸಿಲಿಗೆ ಹೆಂಟೆ ಒಣಗಲು ಬಿಡಿ. ಆಮೇಲೆ ಇಟ್ಟಿಗೆ ಅಂಚು ಕಟ್ಟಿ, ಐದು ಪಾಲು ಮಸಾರಿ, ಮೂರು ಪಾಲು ಗೊಬ್ಬರ, ಒಂದು ಪಾಲು ಉಸುಕು ಕಲಸಿ ತುಂಬಿ. ಕೆಳಗಿನ ಸಾಲಿನ ಇಟ್ಟಿಗೆಗಳ ನಡುವೆ ಮೂರು ಅಡಿಗೊಂದರಂತೆ ಗಾರೆ ಹಾಕದ ಸಂದು ಬಿಡಿ, ಹೆಚ್ಚಾದ ನೀರು ಅಲ್ಲಿಂದ ಹೋಗಲಿ. ಸಂದುಗಳು ಮನೆಯ ಕಡೆ ಬೇಡ. ಮೊದಲ ಮಳೆಗೆ ಮಣ್ಣು ಒಂದೂವರೆ ಇಂಚು ಕುಸಿಯುತ್ತದೆ. 45 ಘನ ಅಡಿಯಲ್ಲಿ ಆ ಲೆಕ್ಕ ಸೇರಿದೆ.

ಎರೆಗೆ ಬರೀ ಉಸುಕು ಕಲಸಿದರೆ ಸಡಿಲಾಗುತ್ತದೆ ಎಂಬ ನಂಬಿಕೆ ಇದೆ. ಎರೆಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ಉಸುಕು ಹಾಕಿದರೆ ಮಾತ್ರ ಅದು ನಿಜ. ನಾಲ್ಕು ಪುಟ್ಟಿ ಹಾಕಿದರೆ ಒಣಗಿದ ಮೇಲೆ ಹಾರೆಯೂ ಇಳಿಯದ ಗಚ್ಚಾಗುತ್ತದೆ.

ಎರೆ ಅಗೆಯುವ ಹದ ಕೈಗೇ ಗೊತ್ತಾಗಬೇಕು. ಒಂದು ಹಿಡಿ ಮಣ್ಣು ಅಮುಕಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಿ. ಉಂಡೆ ಪುಡಿಯಾಗಿ ಉದುರಿದರೆ ಅಗೆಯಿರಿ. ಹೊಳಪಿನ ಗುರುತು ಮೂಡಿ ಬೆರಳಿಗೆ ಹತ್ತಿದರೆ ಎರಡು ಮೂರು ದಿನ ಕಾಯಿರಿ. ಹಸಿಯಲ್ಲಿ ತಿರುವಿದ ಎರೆ ಆ ವರ್ಷವೆಲ್ಲ ಹೆಂಟೆಯಾಗಿಯೇ ಉಳಿಯುತ್ತದೆ.

ಮಸಾರಿ ನೆಲದವರಿಗೆ ಕೆಲಸ ಕಡಿಮೆ. ಒಂದು ಅಡಿ ಅಗೆದು, 50 ಚದರ ಅಡಿಗೆ 10 ಘನ ಅಡಿ ಗೊಬ್ಬರ ಕಲಸಿ, ಸುತ್ತಲಿಗಿಂತ ಮೂರು ಇಂಚು ತಗ್ಗಾಗಿ ಇಡಿ. ಬಿದ್ದ ಮಳೆ ಅಲ್ಲೇ ಇಂಗುತ್ತದೆ. ಹಸಿ ಸಗಣಿ ಗೊಬ್ಬರ ಮಾತ್ರ ಹಾಕಬೇಡಿ, ಮಸಾರಿಯಲ್ಲಿ ಗೆದ್ದಲಿಗೆ ಅದು ಆಹ್ವಾನ.

5. ಗಿಡ ಆರಿಸಿ

20 ಅಡಿಗೆ ದೊಡ್ಡ ಗಿಡ ಆರು ಸಾಕು. ನರ್ಸರಿಯಲ್ಲಿ ಎಲ್ಲವೂ ಒಂದಡಿ ಎತ್ತರ ಇರುವುದರಿಂದ ಹದಿನೈದು ತಂದು ಒತ್ತೊತ್ತಾಗಿ ಹಚ್ಚುವುದು ಸಾಮಾನ್ಯ ತಪ್ಪು. ಎರಡನೇ ವರ್ಷಕ್ಕೆ ಒಂದು ಇನ್ನೊಂದನ್ನು ನುಂಗುತ್ತದೆ.

ಪೂರ್ವ ಅಥವಾ ಉತ್ತರ ಮುಖಕ್ಕೆ ಒಂದು ಜೋಡಣೆ: ಗೇಟಿನಿಂದ ದೂರದ ಮೂಲೆಯಲ್ಲಿ, ಪಟ್ಟಿಯ ಉದ್ದದ ತುದಿಯಿಂದ ಎರಡೂವರೆ ಅಡಿ ಒಳಗೆ ಒಂದು ದೇವಕಣಗಿಲೆ. ಅಲ್ಲಿಂದ ನಾಲ್ಕಡಿ ಬಿಟ್ಟು ಮೂರು ಮೂರು ಅಡಿಗೊಂದರಂತೆ ಮೂರು ದಾಸವಾಳ. ಒಂದೇ ಸುತ್ತಿನ ಎಸಳಿನ ನಾಟಿ ಕೆಂಪು ಹೂವಿನದೇ ಗಟ್ಟಿ, ದೊಡ್ಡ ಹೂವಿನ ಹೈಬ್ರಿಡ್‌ಗಳು ನಮ್ಮ ಬಿಸಿಲಿಗೆ ಸೊರಗುತ್ತವೆ. ಬಾಗಿಲ ಹತ್ತಿರ ಎರಡು ದುಂಡು ಮಲ್ಲಿಗೆ, ಪರಿಮಳ ಪಡಸಾಲೆಗೆ ಬರಲಿ. ಮುಂಭಾಗದಲ್ಲಿ ಒಂದಡಿ ಅಂತರದಲ್ಲಿ ಕಾಶಿ ಕಣಗಿಲೆ, ನೆರಳು ಬೀಳುವ ಕಡೆ ಕನಕಾಂಬರ, ಗೋಡೆ ಕಾಯುವ ತುದಿಗೆ ಮೂರು ಲೋಳೆಸರ. ದೇವಕಣಗಿಲೆ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗುತ್ತದೆ, ಸತ್ತಿತೆಂದು ಕಡಿಯಬೇಡಿ.

ಪಶ್ಚಿಮ ಮುಖಕ್ಕಾದರೆ ದಾಸವಾಳದ ಜಾಗದಲ್ಲಿ ನಂದಿಬಟ್ಟಲು, ಮೂಲೆಗೆ ಹಳದಿ ಟೆಕೋಮಾ. ಮಲ್ಲಿಗೆಯ ಬದಲು ಕುಬ್ಜ ಬೋಗನ್‌ವಿಲ್ಲಾ. ಅದಕ್ಕೆ ಮುಳ್ಳಿದೆ, ಗೇಟಿನಿಂದ ಮೂರಡಿ ದೂರವಿರಲಿ. ನೀರು ಹೆಚ್ಚಾದರೆ ಬೋಗನ್‌ವಿಲ್ಲಾ ಎಲೆ ಬಿಡುತ್ತದೆಯೇ ಹೊರತು ಹೂ ಬಿಡುವುದಿಲ್ಲ.

ಬಳ್ಳಾರಿಯಲ್ಲಿ ಅದಿರು ಸಾಗಿಸುವ ರಸ್ತೆಯ ಪಕ್ಕದ ಮನೆಗಳಿಗೆ ನಯವಾದ ಎಲೆಯ ನಂದಿಬಟ್ಟಲು, ಕಣಗಿಲೆ ವಾಸಿ. ವಾರಕ್ಕೊಮ್ಮೆ ಬೆಳಿಗ್ಗೆ ಎಲೆಗೆ ನೀರು ಚಿಮುಕಿಸಿದರೆ ದೂಳು ಜಾರಿ ಹೋಗುತ್ತದೆ. ಆನೆಗೊಂದಿ, ಗಂಗಾವತಿ ಕಡೆ ಮಂಗಗಳ ಕಾಟ ಇರುವಲ್ಲಿ ಮುಂದೆ ಪೇರಲ, ಸಪೋಟಾ ಬೇಡವೇ ಬೇಡ.

ಎಚ್ಚರಿಕೆ: ಕಣಗಿಲೆಯ (ಒಲಿಯಾಂಡರ್; ದೇವಕಣಗಿಲೆ, ಕಾಶಿ ಕಣಗಿಲೆ ಬೇರೆ ಗಿಡಗಳು) ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಸಣ್ಣ ಮಕ್ಕಳಿರುವ ಮನೆಗೆ ಬೇಡ. ಗ್ರಿಲ್ ಸಂದಿಯಿಂದ ಆಡು, ದನ ಬಾಯಿ ಹಾಕುವ ಕಡೆಯೂ ಬೇಡ. ಕತ್ತರಿಸಿದ ಕೊಂಬೆಗಳನ್ನು ಬೀದಿಗೆ ಎಸೆದರೆ ತಿಂದ ದನ ಸಾಯಬಹುದು. ಒಲೆಗೂ ಹಾಕಬೇಡಿ, ಅದರ ಹೊಗೆಯೂ ಕೆಟ್ಟದ್ದು.

ಬೇವು, ಅರಳಿ, ಬಾದಾಮಿ ಮರಗಳಿಗೆ ಇದು ಜಾಗವಲ್ಲ. ಎರೆ ನೆಲದಲ್ಲಿ ದೊಡ್ಡ ಮರದ ಬೇರು ಬುನಾದಿಯ ಕೆಳಗಿನ ತೇವ ಹೀರಿ ಮಣ್ಣನ್ನು ಕುಗ್ಗಿಸುತ್ತದೆ. ಬೇಗ ಹಸಿರಾಗುತ್ತದೆ ಎಂದು ಮಾರುವ ಕೋನೋಕಾರ್ಪಸ್ ಕೂಡ ಬೇಡ, ಅದರ ಬೇರು ಪೈಪು, ಚೇಂಬರು ಹೊಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನಿಷೇಧಿಸಿತು.

6. ಹಚ್ಚುವುದು

ಮೃಗಶಿರ ಮಳೆಗೇ ಅವಸರ ಬೇಡ. ನಮ್ಮಲ್ಲಿ ಜೂನಿನಲ್ಲಿ ಗಾಳಿ ಹೆಚ್ಚು, ಮಳೆ ಕಡಿಮೆ. ಒಳ್ಳೆಯ ಮಳೆ ಆಗಸ್ಟ್, ಸೆಪ್ಟೆಂಬರಿನದು. ದೇವಕಣಗಿಲೆ, ಬೋಗನ್‌ವಿಲ್ಲಾ, ನಂದಿಬಟ್ಟಲನ್ನು ಆರಿದ್ರಾ ಮಳೆಯ ಹೊತ್ತಿಗೆ ಹಚ್ಚಿ. ಮಲ್ಲಿಗೆ, ಕನಕಾಂಬರ, ಗುಲಾಬಿ ಆಗಸ್ಟ್ ಕೊನೆಗೆ ಇರಲಿ. ಫೆಬ್ರುವರಿ ನಂತರ ಏನನ್ನೂ ಹಚ್ಚಬೇಡಿ.

ವ್ಯಾನಿನಲ್ಲಿ ಮಾರಲು ಬರುವ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂ ನರ್ಸರಿಗಳವು. ಬೇರಿನ ಸುತ್ತ ಬಿಗಿದ ಜೇಡಿಯ ಗಡ್ಡೆ ಇರುತ್ತದೆ. ಹಾಗೆಯೇ ಹೂತರೆ ನೀರು ಗಡ್ಡೆಯ ಪಕ್ಕದಿಂದ ಜಾರಿ ಹೋಗಿ ಒಳಗಿನ ಬೇರು ಒಣಗಿಯೇ ಇರುತ್ತದೆ. ಪ್ಲಾಸ್ಟಿಕ್ ಚೀಲ ಕತ್ತರಿಸಿ ತೆಗೆದು, ಗಡ್ಡೆಯನ್ನು ಹತ್ತು ನಿಮಿಷ ಬಕೆಟ್ ನೀರಲ್ಲಿ ಮುಳುಗಿಸಿ, ಹೊರಗಿನ ಅರ್ಧ ಇಂಚು ಜೇಡಿಯನ್ನು ಬೆರಳಿಂದ ಮೆಲ್ಲಗೆ ಬಿಡಿಸಿ. ಸುತ್ತಿಕೊಂಡ ಬೇರಿದ್ದರೆ ಕತ್ತರಿಸಿ.

ಗುಂಡಿ ಗಡ್ಡೆಯ ಎರಡರಷ್ಟು ಅಗಲ, ಆಳ ಗಡ್ಡೆಗಿಂತ ಒಂದಿಂಚು ಕಡಿಮೆ. ಗಿಡಕ್ಕೆ 200 ಗ್ರಾಂ ಬೇವಿನ ಹಿಂಡಿ ಮಣ್ಣಿಗೆ ಬೆರೆಸಿ. ಗಡ್ಡೆಯ ಮೇಲ್ಭಾಗ ನೆಲದ ಮಟ್ಟಕ್ಕಿಂತ ಒಂದಿಂಚು ಮೇಲಿರಲಿ. ಕಾಂಡ ಹೂತರೆ ತೊಗಟೆ ಕೊಳೆಯುತ್ತದೆ. ಗಾಳಿ ಬರುವ ಪಶ್ಚಿಮ ಕಡೆಗೆ ಕೋಲು ನೆಟ್ಟು ಹಳೆ ಬಟ್ಟೆಯ ಪಟ್ಟಿಯಿಂದ ಸಡಿಲಾಗಿ ಕಟ್ಟಿ.

7. ನೀರು ಬಿಡುವುದು, ಹೊದಿಕೆ

ಮಹಡಿ ಮೇಲಿನ ಟ್ಯಾಂಕಿನಿಂದ 20 ಅಡಿ ಕೆಳಗೆ ಬರುವ ನೀರಿನ ಒತ್ತಡ ಸುಮಾರು 0.6 ಬಾರ್. ಅದಕ್ಕೆ ಗಂಟೆಗೆ 4 ಲೀಟರಿನ ಡ್ರಿಪ್ಪರ್ 3 ಲೀಟರ್ ಮಾತ್ರ ಕೊಡುತ್ತದೆ. ಬಾಟಲಿ ಹಿಡಿದು ಒಮ್ಮೆ ಅಳೆದು ನೋಡಿ. ಒತ್ತಡ ಸರಿದೂಗಿಸುವ ದುಬಾರಿ ಡ್ರಿಪ್ಪರ್‌ಗಳು ಇಷ್ಟು ಕಡಿಮೆ ಒತ್ತಡಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಾದಾದವೇ ಸಾಕು. ದೊಡ್ಡ ಗಿಡಕ್ಕೆ ಎರಡು, ಕಾಂಡದಿಂದ ಎಂಟು ಇಂಚು ದೂರ. ಉಳಿದವು ಮುಂದಿನ ಸಾಲಿಗೆ.

ಮೊದಲ ಎರಡು ತಿಂಗಳು ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ ಒಂದು ಗಂಟೆ. ಬೇರೂರಿದ ಮೇಲೆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ಗಂಟೆ, ಅಂದರೆ ದೊಡ್ಡ ಗಿಡಕ್ಕೆ 12 ಲೀಟರ್. ಚಳಿಗಾಲದಲ್ಲಿ ವಾರಕ್ಕೊಮ್ಮೆ. ದಿನವೂ ಸ್ವಲ್ಪ ಸ್ವಲ್ಪ ಬಿಟ್ಟರೆ ಬೇರು ಮೇಲೇ ಉಳಿದು, ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬರುವಷ್ಟರಲ್ಲಿ ಗಿಡ ಸತ್ತಿರುತ್ತದೆ. ಮಧ್ಯಾಹ್ನ ಬಾಡಿ ಸಂಜೆಗೆ ನೆಟ್ಟಗಾಗುವ ಗಿಡಕ್ಕೆ ನೀರಡಿಕೆ ಇಲ್ಲ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಸರದಿ ಕಾಯದೆ ನೀರು ಬಿಡಿ.

ಹೊದಿಕೆ ಮೂರಿಂಚು ದಪ್ಪ, ಕಾಂಡದ ಸುತ್ತ ಮೂರಿಂಚು ಬಿಟ್ಟು. ಭತ್ತದ ಹೊಟ್ಟು ರೈಸ್ ಮಿಲ್ಲಿನಲ್ಲಿ ಅಗ್ಗ, ಆದರೆ ಕೊಪ್ಪಳದ ಗಾಳಿಗೆ ನೆರೆಮನೆಯ ಅಂಗಳ ಸೇರುತ್ತದೆ. ಹಾಸಿದ ಕೂಡಲೇ ನೆನೆಸಿ ಮೇಲೆ ಒಂದು ಪದರ ಗರಸು ಉದುರಿಸಿ. ಶೇಂಗಾ ಹೊಟ್ಟು ಹಾರುವುದಿಲ್ಲ, ಬೇಗ ಗೊಬ್ಬರವೂ ಆಗುತ್ತದೆ. ನನ್ನ ಮತ ಅದಕ್ಕೇ. ಮೊದಲ ಏಪ್ರಿಲ್, ಮೇ ತಿಂಗಳು 50 ಪ್ರತಿಶತದ ಹಸಿರು ಪರದೆ ಕಟ್ಟಿ.

8. ಎಲೆ ಹಳದಿಯಾದರೆ

ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಸುಣ್ಣ ಅದನ್ನು ಬೇರಿಗೆ ಸಿಗಗೊಡುವುದಿಲ್ಲ. ಆದ್ದರಿಂದ ನೆಲಕ್ಕೆ ಹಾಕಿದ ಅನ್ನಭೇದಿ (ಕಬ್ಬಿಣದ ಸಲ್ಫೇಟ್) ವ್ಯರ್ಥ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನದ ಅಂತರದಲ್ಲಿ ಮೂರು ಸಲ. ಪರಸಿ ಮೇಲೆ ಬಿದ್ದರೆ ಹೋಗದ ತುಕ್ಕಿನ ಕಲೆಯಾಗುತ್ತದೆ, ಗೋಣಿ ಹಾಸಿಕೊಳ್ಳಿ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ, ಗಿಡಕ್ಕೊಂದು ಪುಟ್ಟಿ ಎರೆಹುಳು ಗೊಬ್ಬರ ಕೊಡಿ. ಮಣ್ಣು ಹಸಿಯಾಗಿದ್ದೂ ಎಲ್ಲ ಎಲೆಯೂ ಒಟ್ಟಿಗೆ ಮಂಕಾಗಿ ಜೋತರೆ ನೀರು ಹೆಚ್ಚಾಗಿದೆ, ಡ್ರಿಪ್ ಬಂದ್ ಮಾಡಿ ಬೇರು ನೋಡಿ.

ದಾಸವಾಳದ ತುದಿಯಲ್ಲಿ ಬಿಳಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಆ ತುದಿ ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಪೈಪಿನಿಂದ ರಭಸವಾಗಿ ನೀರು ಹೊಡೆದು, ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಒಂದೆರಡು ಹನಿ ಸೋಪಿನ ದ್ರಾವಣ ವಾರಕ್ಕೊಮ್ಮೆ ಸಿಂಪಡಿಸಿ. ಇರುವೆ ಸಾಲು ಕಾಂಡ ಹತ್ತುತ್ತಿದ್ದರೆ ಅದನ್ನೂ ತಡೆಯಿರಿ, ತಿಗಣೆಯನ್ನು ಹೊತ್ತು ಹಂಚುವುದು ಅವೇ.

9. ಸವರುವುದು

ದಾಸವಾಳ, ನಂದಿಬಟ್ಟಲನ್ನು ಜೂನ್ ಕೊನೆಗೆ ಮೂರನೇ ಒಂದು ಭಾಗ ಸವರಿ. ಬೋಗನ್‌ವಿಲ್ಲಾವನ್ನು ಹೂವಿನ ಸುತ್ತು ಮುಗಿದ ಕೂಡಲೇ. ಮಲ್ಲಿಗೆಯ ಲೆಕ್ಕ ಬೇರೆ: ನವೆಂಬರ್ ನಡುವಿನಿಂದ ಎರಡು ವಾರ ನೀರು ನಿಲ್ಲಿಸಿ, ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿಗೆ ಎಲ್ಲ ಕೊಂಬೆ ಕತ್ತರಿಸಿ, ಉಳಿದ ಎಲೆ ಉದುರಿಸಿ, ಬುಡಕ್ಕೆ ಎರಡು ಪುಟ್ಟಿ ಕೊಟ್ಟಿಗೆ ಗೊಬ್ಬರ ಕೊಟ್ಟು ಮತ್ತೆ ನೀರು ಶುರು ಮಾಡಿ. ಹಾಗೆ ಮಾಡದ ಗಿಡ ಬಳ್ಳಿಯಾಗಿ ಹಬ್ಬಿ ಎಲೆ ತೋರಿಸುತ್ತದೆ. ಸವರಿದ ಗಿಡ ಮಾರ್ಚ್ ಹೊತ್ತಿಗೆ ಮೊಗ್ಗು ಕಟ್ಟುತ್ತದೆ.